ಮೆಮೊರಿಯಲ್ಲಿ ಹಿಡಿಸದ ಪಟ್ಟಿ

"ನಿದ್ದೆ ಮಾಡ್ತಿರೋದು ನಿಮ್ಮ ಮೆಷೀನಾ, ನೀವಾ?"

ರಕ್ತನಿಧಿಯ ಕಂಪ್ಯೂಟರ್ ಕೋಣೆಗೆ ನುಗ್ಗಿದ ಡಾಕ್ಟರ್ ಬಾಗಿಲನ್ನು ಗೋಡೆಗೆ ಅಪ್ಪಳಿಸಿದ. ಬಾಣಂತಿಯೊಬ್ಬಳಿಗೆ ಅಪರೂಪದ ರಕ್ತ ಬೇಕಿತ್ತು. ಹೊಂದುವ ದಾನಿಯ ಹೆಸರು ಸಿಗಲು ನಲವತ್ತು ನಿಮಿಷ ಹಿಡಿದಿತ್ತು!

ಪ್ರೋಗ್ರಾಮರ್ ಹುಡುಗಿಯ ಮೈಯೆಲ್ಲ ಉರಿಯಿತು.

"ಕೋಟಿಗಟ್ಟಲೆ ದಾನಿಗಳ ಪಟ್ಟಿ ರೀ ಇದು! ಇಷ್ಟು ಚಿಕ್ಕ ಮೆಮೊರಿಯಲ್ಲಿ ಹಿಡಿಸಲ್ಲ. ತುರುಕಿದ್ರೆ ಮೆಷೀನ್ ಉಸಿರುಗಟ್ಟುತ್ತೆ."

"ಅಲ್ಲಿ ಉಸಿರುಗಟ್ಟಿದ್ದು ಬಾಣಂತಿಗೆ. ಬದುಕಿದ್ಲು... ನಿಮ್ಮ ಪುಣ್ಯದಿಂದಲ್ಲ."

ಮರುದಿನವೇ ಮ್ಯಾನೇಜರ್ ಅವಳನ್ನು ಕರೆದು ಡಾಕ್ಟರ್ ಬರೆದ ದೂರಿನ ಮೊದಲ ಸಾಲು ಓದಿದರು. "'ಈ ವಿಭಾಗ ಹೀಗೇ ಇದ್ದರೆ ಜೀವ ಹೋಗುತ್ತದೆ.' ಕೇಳಿಸ್ತಾ? ಹದಿನೈದು ದಿನ ಟೈಮು. ಸರಿ ಮಾಡಿ, ಇಲ್ಲ ಬೇರೆ ಕೆಲಸ ನೋಡ್ಕೊಳ್ಳಿ."

'ನನ್ನ ಅನ್ನಕ್ಕೇ ಕಲ್ಲು ಹಾಕಿದನಲ್ಲ, ಪಾಪಿ!'

ಅವಳು ಹಟಕ್ಕೆ ಬಿದ್ದಳು. ಇಡೀ ಪಟ್ಟಿಯನ್ನು ರಕ್ತದ ಗುಂಪು, ಉಪಗುಂಪುಗಳ ಪ್ರಕಾರ ಜೋಡಿಸಿ, ಸಾವಿರಾರು ತುಂಡು ಮಾಡಿ ಡಿಸ್ಕಿನಲ್ಲೇ ಬಿಟ್ಟಳು. ಯಾವ ಗುಂಪು ಯಾವ ತುಂಡಿನಲ್ಲಿದೆ ಎಂಬ ಪುಟ್ಟ ಸೂಚಿ ಮಾತ್ರ ಮೆಮೊರಿಯಲ್ಲಿ. ಕೇಳಿದಾಗ ಆ ಒಂದು ತುಂಡನ್ನಷ್ಟೇ ತಂದರಾಯಿತು.

ದಿನಾ ಮಧ್ಯಾಹ್ನ ಹಳೆಯ ರೋಗಿಗಳ ವರದಿ ಹಿಡಿದು ಡಾಕ್ಟರ್ ಅವಳ ಪ್ರೋಗ್ರಾಮ್ ಪರೀಕ್ಷಿಸಲು ಬರುತ್ತಿದ್ದ.

"ಬಂದ್ರಾ ಯಮಧರ್ಮರಾಯರು?"

"ಇವತ್ತೂ ತಪ್ಪು ದಾನಿ ಬಂದಿದ್ದಾನೆ. ಕಣ್ಣು ಬಿಟ್ಕೊಂಡು ಮಾಡಿ!"

ಹದಿನಾಲ್ಕನೆಯ ದಿನ ಅವನು ಅಲ್ಲಿದ್ದಾಗಲೇ ಮಗುವೊಂದಕ್ಕೆ ರಕ್ತ ಬೇಕೆಂದು ವಾರ್ಡಿನಿಂದ ಫೋನ್ ಬಂತು. ಅವನು ರಕ್ತದ ಗುಂಪು ಓದಿ ಮುಗಿಸುವಷ್ಟರಲ್ಲಿ ತೆರೆಯ ಮೇಲೆ ಹೆಸರು! ಅವನು ವಾರ್ಡಿಗೆ ಓಡಿದ.

ಸಂಜೆ ಮ್ಯಾನೇಜರ್ ಕೆಲಸ ಮುಗಿದ ಕಡತಕ್ಕೆ ಅವಳ ಸಹಿ ಕೇಳಿದರು. ಅದರಲ್ಲಿತ್ತು ಆ ದೂರು. ಅವಳು ಎರಡನೆಯ ಸಾಲಿನಿಂದ ಮುಂದೆ ಕಣ್ಣಾಡಿಸಿದಳು.

'ತಪ್ಪು ಆಕೆಯದಲ್ಲ. ಮೂರು ಸಲ ಹೆಚ್ಚಿನ ಮೆಮೊರಿ ಕೇಳಿದ್ದಾರೆ, ನೀವು ಕೊಟ್ಟಿಲ್ಲ. ಆಕೆಯನ್ನು ತೆಗೆದರೆ ನಾನೂ ಹೊರಡುತ್ತೇನೆ.'

ಅವಳು ವಾರ್ಡಿನ ಮೆಟ್ಟಿಲ ಬಳಿ ಡಾಕ್ಟರನ್ನು ಅಡ್ಡಗಟ್ಟಿದಳು.

"ಮಗು?"

"ಚೆನ್ನಾಗಿದೆ."

"ದೂರಿನಲ್ಲಿ ಹೀಗೆ ಬರ್ದಿದೀನಿ ಅಂತ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ ರೋಗ?"

"ಹೇಳಿದ್ರೆ ಜಗಳ ನಿಲ್ತಿತ್ತು. ಆಮೇಲೆ... ಯಾವ ನೆಪದಲ್ಲಿ ದಿನಾ ಬರ್ಲಿ?"

ಅವಳ ಕೆನ್ನೆ ಕೆಂಪಾಯಿತು. ಸಿಟ್ಟಿಗೇ ಇರಬೇಕು!

"ಈಗಂತೂ ಪಟ್ಟಿ ಸರಿಯಾಯ್ತಲ್ಲ?"

"ನೆಪ ಮುಗೀತು. ನೀವು ಇಷ್ಟ ಅಂತಾನೇ ಬರ್ತೀನಿ. ಬರ್ಲಾ?"

"ಬರದೇ ಇದ್ದು ನೋಡಿ... ಕಾಲು ಮುರೀತೀನಿ!"

"ಆಮೇಲೆ ನೋಡ್ಕೊಳ್ಳೋರು ಯಾರು?"

"ನಾನೇ," ಎಂದಳು ಮೆಲ್ಲಗೆ. "ಇನ್ಯಾರು?"