ಹದಿನೇಳನೇ ನಂಬರಿನ ಕಾರ್ಡು

“ಅಪ್ಪಾ, ಅದನ್ನ ಮೂಸ್ಬೇಡ! ಎಲ್ಲಾ ನೋಡ್ತಿದಾರೆ,” ಎಂದು ಡೀಲಿಯಾ ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದಳು.

ಯಾರೂ ನೋಡುತ್ತಿರಲಿಲ್ಲ. ಎಲ್ಲರೂ ಅವರವರ ರಟ್ಟಿನ ಚೂರು ಮೂಸುವುದರಲ್ಲೇ ಮುಳುಗಿದ್ದರು. ಫೈರ್ ಸ್ಟೇಷನ್ನಿನ ಹಾಲ್ ತುಂಬ ಮೇಜುಗಳು, ಮೇಜುಗಳ ತುಂಬ ಹಳೇ ಬೇಸ್‌ಬಾಲ್ ಕಾರ್ಡುಗಳು, ಅವುಗಳ ಸುತ್ತ ಹೊಟ್ಟೆ ಬಂದ, ಕೂದಲು ಉದುರಿದ ಗಂಡಸರು. ಒಬ್ಬ ಹರಿದ ಗ್ಲೌಸನ್ನು ಹಸುಗೂಸಿನಂತೆ ಎದೆಗವಚಿಕೊಂಡಿದ್ದ. ಇನ್ನೊಬ್ಬ ಕಾರ್ಡಿನ ಮೂಲೆ ಒಂಚೂರು ಮಡಚಿದೆಯೆಂದು ಅಳುವುದೊಂದೇ ಬಾಕಿ.

ಡೀಲಿಯಾಳ ಅಪ್ಪ ವಾಲ್ಟ್ ನೊವಾಕ್ ಸೋಮವಾರದಿಂದ ಶುಕ್ರವಾರದವರೆಗೆ ಸ್ಕೂಲ್ ಬಸ್ ಓಡಿಸುತ್ತಿದ್ದ. ಆ ಐದು ದಿನ ಅವನ ತಲೆ ನೆಟ್ಟಗಿರುತ್ತಿತ್ತು. ಭಾನುವಾರ ಬಂತೆಂದರೆ ಮುಗಿಯಿತು. ಬೆಳಗಾಗುವ ಮುಂಚೆಯೇ ಎದ್ದು, ಜೇಬಿನಲ್ಲೊಂದು ಭೂತಗನ್ನಡಿ ಇಟ್ಟುಕೊಂಡು, ಓಹಾಯೋದ ಯಾವುದಾದರೂ ಊರಿನ ಹಳೇ ಕಾರ್ಡುಗಳ ಮಾರ್ಕೆಟ್ಟಿಗೆ ಹೊರಟುಬಿಡುತ್ತಿದ್ದ.

ಹುಡುಕುತ್ತಿದ್ದುದು ಒಂದೇ ಒಂದು ಕಾರ್ಡು. ಅವರ ಊರಿನಲ್ಲಿ ಈಗ ಟೈರ್ ಅಂಗಡಿ ಇರುವ ಜಾಗದಲ್ಲಿ ಹಿಂದೆ ಬೇಕರಿ ಇತ್ತು. ೧೯೩೬ರಲ್ಲಿ ಆ ಬೇಕರಿಯವರು ಬ್ರೆಡ್ಡಿನ ಜೊತೆ ಊರಿನ ಬೇಸ್‌ಬಾಲ್ ಟೀಮಿನ ಒಬ್ಬೊಬ್ಬ ಆಟಗಾರನ ಕಾರ್ಡು ಕೊಡುತ್ತಿದ್ದರಂತೆ. ಒಟ್ಟು ಇಪ್ಪತ್ನಾಲ್ಕು. ಅಪ್ಪನ ಆಲ್ಬಮ್ಮಿನಲ್ಲಿ ಇಪ್ಪತ್ಮೂರು ಇದ್ದವು. ಹದಿನೇಳನೆಯದು ಮಾತ್ರ ಇರಲಿಲ್ಲ: ಸ್ಟ್ಯಾನ್ಲಿ ಪ್ರೂಟ್.

ಈ ಪ್ರೂಟ್ ಮಹಾಶಯ ದೊಡ್ಡ ಆಟಗಾರನೇನೂ ಅಲ್ಲ. ಅವನು ಬ್ಯಾಟ್ ಬೀಸಿದರೆ ಏಟು ಬೀಳುತ್ತಿದ್ದುದು ಗಾಳಿಗೆ. ಸೀಸನ್ ಅರ್ಧ ಮುಗಿಯುವುದರೊಳಗೆ ಟೀಮಿನವರು ಅವನನ್ನು ಬೇರೆ ಊರಿಗೆ ಸಾಗಹಾಕಿದರು. ಬೇಕರಿಯವರು ಅವನ ಕಾರ್ಡು ಅಚ್ಚು ಹಾಕುವುದನ್ನು ನಿಲ್ಲಿಸಿದರು. ಹಾಗಾಗಿ ಅದು ಎಲ್ಲೂ ಸಿಗುವುದಿಲ್ಲ. ಸಿಗದಿದ್ದ ಒಂದೇ ಕಾರಣಕ್ಕೆ ಪ್ರೂಟ್ ಇವರಿಗೆಲ್ಲ ದೇವರಾಗಿಬಿಟ್ಟಿದ್ದ.

ಹನ್ನೊಂದು ವರ್ಷದ ಹುಡುಕಾಟ. ಡೀಲಿಯಾಗೆ ವಯಸ್ಸೇ ಹತ್ತು.

ಅವಳ ಸಾಫ್ಟ್‌ಬಾಲ್ ಮ್ಯಾಚ್ ಇರುತ್ತಿದ್ದುದೂ ಭಾನುವಾರವೇ, ಬೆಳಗ್ಗೆ ಹತ್ತಕ್ಕೆ. ಟೀಮಿನಲ್ಲಿ ಚೆಂಡು ಎಸೆಯುವವಳು ಅವಳೇ. ಈ ಸಲ ಐದು ಮ್ಯಾಚ್ ಆಗಿದ್ದವು, ಅಪ್ಪ ಒಂದಕ್ಕೂ ಬಂದಿರಲಿಲ್ಲ. ಉಳಿದ ಹುಡುಗಿಯರ ಅಪ್ಪಂದಿರು ಬೆಂಚಿನ ಮೇಲೆ ನಿಂತು ಕಿರುಚುವುದನ್ನು ಕಂಡಾಗ ಅವಳಿಗೆ ಹೊಟ್ಟೆ ಉರಿಯುತ್ತಿತ್ತು. ಇವತ್ತು ಮಳೆಯಿಂದ ಮ್ಯಾಚ್ ರದ್ದಾಗಿತ್ತು. ಅಮ್ಮನಿಗೆ ಆಸ್ಪತ್ರೆಯಲ್ಲಿ ಡ್ಯೂಟಿ ಇತ್ತು. ಹಾಗಾಗಿ ಡೀಲಿಯಾ ಈ ಮೂಸುವವರ ನಡುವೆ ಸಿಕ್ಕಿಹಾಕಿಕೊಂಡಿದ್ದಳು.

ಬೇಜಾರಾಗಿ ಅವಳು ಡೊನೆಲ್ಲಿ ಎಂಬ ವ್ಯಾಪಾರಿಯ ಮೇಜಿನ ಕೆಳಗಿದ್ದ ಶೂ ಡಬ್ಬಿಯನ್ನು ಕೆದಕತೊಡಗಿದಳು. ಹತ್ತು ನಿಮಿಷವೂ ಆಗಿರಲಿಲ್ಲ. ಕೈಯಲ್ಲಿ ಪ್ರೂಟ್ ಇದ್ದ! ಅಪ್ಪ ತೋರಿಸಿದ್ದ ಹಳೇ ಪೇಪರಿನ ಫೋಟೋದಲ್ಲಿದ್ದ ಅದೇ ದೊಡ್ಡ ಕಿವಿ, ಅದೇ ಪೆದ್ದು ನಗು. ಹಿಂದೆ ನಂಬರ್ ಹದಿನೇಳು.

ಡೊನೆಲ್ಲಿ ಬೇರೆ ಕಡೆ ಹರಟುತ್ತಿದ್ದ. ಅವನ ಹೆಂಡತಿ ತಲೆಯೆತ್ತದೆ “ಎರಡು ಡಾಲರ್ ಪುಟ್ಟಿ” ಎಂದಳು. ಡೀಲಿಯಾ ಕೊಟ್ಟು, ನಗು ತಡೆದುಕೊಂಡು ಆಚೆ ಬಂದಳು. ಇಂಥ ದಡ್ಡರು ಭೂಮಿಯ ಮೇಲೆ ಇನ್ನೆಲ್ಲಾದರೂ ಇದ್ದಾರೆಯೇ?

ಕಾರಿನಲ್ಲಿ ಕೂತ ಮೇಲೆ ಕಾರ್ಡನ್ನು ಅಪ್ಪನ ಮೂಗಿನ ಮುಂದೆ ಹಿಡಿದಳು.

“ತಗೋ, ನಿನ್ನ ದೇವ್ರು!”

ಅಪ್ಪ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಕಾರ್ಡಿನ ಮೇಲೆ ಹೆಬ್ಬೆರಳು ಆಡಿಸಿದ. ಭೂತಗನ್ನಡಿ ತೆಗೆಯಲು ಜೇಬಿಗೆ ಕೈ ಹಾಕಿದವನು ಯಾಕೋ ಬರಿಗೈಯನ್ನೇ ವಾಪಸ್ ತೆಗೆದ. ಮಗಳ ಮುಖವನ್ನೇ ನೋಡಿದ.

“ಎಲ್ಲಿ ಸಿಕ್ತು?”

“ನಿನ್ನ ಮೂಗಿನ ಕೆಳಗೇ ಇತ್ತು. ನೀನು ಹನ್ನೊಂದು ವರ್ಷ ಹುಡುಕ್ದೆ, ನಂಗೆ ಹತ್ತೇ ನಿಮಿಷ!”

“ನೀನೇ ಜಾಣೆ ಬಿಡು,” ಎಂದು ಅಪ್ಪ ನಕ್ಕ.

“ಇನ್ನು ಮುಗೀತಲ್ಲ? ಮುಂದಿನ್ ವಾರ ಮ್ಯಾಚಿಗೆ ಬರ್ತೀಯಾ?”

ಅಪ್ಪ ಕಾರ್ಡನ್ನು ಜೋಪಾನವಾಗಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. “ಬರ್ತೀನಿ,” ಎಂದ.

ಹೇಳಿದಂತೆ ಬಂದ. ಸಾಲಾಗಿ ಮೂರು ಭಾನುವಾರ ಮುಂದಿನ ಬೆಂಚಿನಲ್ಲೇ ಕೂತು ಗಂಟಲು ಹರಿಯುವಂತೆ ಕೂಗಿದ. ಡೀಲಿಯಾಳ ಕಾಲು ನೆಲದ ಮೇಲಿರಲಿಲ್ಲ.

ಆದರೆ ಮನೆಯಲ್ಲಿ ಅಪ್ಪ ಪ್ರೂಟ್‌ನನ್ನು ಹದಿನೇಳನೇ ಜಾಗಕ್ಕೆ ಸೇರಿಸಿದ ಮೇಲೆ ಆಲ್ಬಮ್ ತೆರೆಯುತ್ತಲೇ ಇರಲಿಲ್ಲ. ಮೊದಲೆಲ್ಲ ಭಾನುವಾರ ಸಂಜೆ ಅದನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿ, ಯಾರು ಕೇಳಲಿ ಬಿಡಲಿ, ಆಟಗಾರರ ಕತೆ ಹೇಳುತ್ತಿದ್ದ. ಈಗ ಪೇಪರಿನಲ್ಲಿ ಟೈರಿನ ಜಾಹೀರಾತು ಓದುತ್ತಾ ಕೂರುತ್ತಿದ್ದ. ‘ಸಿಕ್ಕಿದ್ರೂ ಖುಷಿಪಡೋಕೆ ಬರಲ್ಲ ಈ ಮನುಷ್ಯನಿಗೆ,’ ಎಂದು ಡೀಲಿಯಾ ಮೂಗು ಮುರಿದಳು.

ನಾಲ್ಕನೇ ಭಾನುವಾರ, ಮ್ಯಾಚ್ ಶುರುವಾಗುವ ಮುಂಚೆ, ಮೈದಾನದ ಹಾಟ್‌ಡಾಗ್ ಗಾಡಿಯ ಹತ್ತಿರ ಡೊನೆಲ್ಲಿ ಕಂಡ. ಅವನ ಮೊಮ್ಮಗಳು ಎದುರು ಟೀಮಿನಲ್ಲಿದ್ದಳು. ಡೀಲಿಯಾ ಸುಮ್ಮನಿರಬೇಕಲ್ಲ!

“ಮಿಸ್ಟರ್ ಡೊನೆಲ್ಲಿ, ಎರಡು ಡಾಲರಿಗೆ ಪ್ರೂಟ್ ಕಾರ್ಡ್ ಕಳ್ಕೊಂಡ್ರಲ್ಲ, ಗೊತ್ತೇ ಆಗ್ಲಿಲ್ವಾ?”

ಡೊನೆಲ್ಲಿ ಹೊಟ್ಟೆ ಕುಲುಕಿಸಿ ನಕ್ಕ. “ಆ ಶೂ ಡಬ್ಬೀದಾ? ಅದು ನಕಲು ಪುಟ್ಟಿ! ಹೋದ ವರ್ಷ ಪ್ರಿಂಟ್ ಹಾಕಿರೋದು, ಮಕ್ಕಳು ಆಡ್ಕೊಳ್ಳಲಿ ಅಂತ. ಇನ್ನೂ ಮೂವತ್ತಿದೆ. ಬೇಕಾ?”

“ಸುಳ್ಳು! ನಮ್ಮಪ್ಪ ನೋಡಿದಾನೆ.”

“ವಾಲ್ಟಾ? ಕಣ್ಣಿಗೆ ಬಟ್ಟೆ ಕಟ್ಟಿದ್ರೂ ಅವನು ಬೆರಳಲ್ಲೇ ಹೇಳ್ತಾನೆ, ಯಾವುದು ಅಸಲಿ ಯಾವುದು ನಕಲಿ ಅಂತ. ಅವನಿಗೆ ಗೊತ್ತಾಗ್ಲಿಲ್ಲ ಅಂತೀಯಾ?”

ಹಾಗೆಂದವನು ಬೆಂಚಿನ ಕಡೆ ನೋಡಿದ. ಅಲ್ಲಿ ಅಪ್ಪ ಆಗಲೇ “ಡೀಲೀ! ಡೀಲೀ!” ಎಂದು ಚಪ್ಪಾಳೆ ತಟ್ಟುತ್ತಿದ್ದ. ಡೊನೆಲ್ಲಿಯ ನಗು ನಿಂತಿತು. ಬಾಯಿ ತುಂಬ ಹಾಟ್‌ಡಾಗ್ ತುರುಕಿಕೊಂಡ.

ಅವತ್ತು ಡೀಲಿಯಾ ಎಸೆದ ಚೆಂಡುಗಳೆಲ್ಲ ಎಲ್ಲೆಲ್ಲಿಗೋ ಹೋದವು. ಮ್ಯಾಚ್ ಸೋತರು. ಅಪ್ಪ ಮಾತ್ರ ಕೊನೆಯವರೆಗೂ ಚಪ್ಪಾಳೆ ನಿಲ್ಲಿಸಲಿಲ್ಲ. ಅವಳಿಗೆ ಅವನ ಕಡೆ ನೋಡಲು ನಾಚಿಕೆಯಾಯಿತು. ಇಷ್ಟು ದಿನ ಅವನ ಬಗ್ಗೆ ನಾಚಿಕೆಪಟ್ಟಿದ್ದಳು, ಇವತ್ತು ತನ್ನ ಬಗ್ಗೆ.

ಸಂಜೆ ಅವಳೇ ಆಲ್ಬಮ್ ತಂದು ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿದಳು. ಉಳಿದವೆಲ್ಲ ಚಹಾ ಬಣ್ಣಕ್ಕೆ ತಿರುಗಿದ್ದವು. ಹದಿನೇಳನೆಯದೊಂದು ಬೆಳ್ಳಗೆ ಹೊಳೆಯುತ್ತಿತ್ತು. ಇಷ್ಟು ಎದ್ದು ಕಾಣುವುದು ತನಗೆ ಕಾಣದೇ ಹೋಯಿತಲ್ಲ! ಅವಳು ಅದನ್ನು ಹೊರಗೆಳೆದು ಪಕ್ಕಕ್ಕಿಟ್ಟಳು.

ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ ಅಪ್ಪ ತಿರುಗಿ ನೋಡಿದ. “ಯಾಕೆ ತೆಗ್ದೆ?”

“ಇದು ಇಲ್ಲೀದಲ್ಲ.”

ಅಪ್ಪ ಚಾಕು ಕೆಳಗಿಟ್ಟ. ಕೈ ತೊಳೆದು, ನಿಧಾನವಾಗಿ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂತ.

“ಮಾರ್ಕೆಟ್ ಎಷ್ಟೊತ್ತಿಗೆ ತೆಗೀತಾರೆ?” ಎಂದು ಡೀಲಿಯಾ ಕೇಳಿದಳು.

“ಆರಕ್ಕೆ. ಯಾಕೆ?”

“ನನ್ ಮ್ಯಾಚ್ ಇರೋದು ಹತ್ತಕ್ಕೆ. ನಾನೂ ಬರ್ತೀನಿ. ಒಂಬತ್ತಕ್ಕೆ ನಿನ್ನ ಕಿವಿ ಹಿಡ್ಕೊಂಡು ಎಳ್ಕೊಂಡ್ ಬರ್ತೀನಿ, ಅಷ್ಟೇ.”

ಅಪ್ಪ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ. ಹದಿನಾರನೇ ಕಾರ್ಡನ್ನು ಹೊರತೆಗೆದು, ನಕಲಿಯ ಪಕ್ಕದಲ್ಲಿಟ್ಟ.

“ಕೈ ಒರೆಸ್ಕೋ. ಕಣ್ಣು ಮುಚ್ಚು.”

ಡೀಲಿಯಾ ಕಿಸಕ್ಕೆನ್ನಲಿಲ್ಲ. ಕಣ್ಣು ಮುಚ್ಚಿದಳು. ಅಪ್ಪ ಅವಳ ಬೆರಳು ಹಿಡಿದು ಮೊದಲು ಒಂದರ ಮೇಲೆ, ಆಮೇಲೆ ಇನ್ನೊಂದರ ಮೇಲೆ ಇಟ್ಟ. ಒಂದು ನುಣ್ಣಗೆ ಜಾರಿತು. ಇನ್ನೊಂದು ಒಂಚೂರು, ಒಂದೇ ಒಂಚೂರು, ತರಿತರಿಯಾಗಿತ್ತು.

“ಗೊತ್ತಾಯ್ತಾ?” ಎಂದ ಅಪ್ಪ.

“ಇರಪ್ಪಾ, ಅವಸರ ಮಾಡ್ಬೇಡ,” ಎಂದಳು ಡೀಲಿಯಾ. “ಇನ್ನೊಂದ್ಸಲ.”