ಬಾಯಿ ಮುಚ್ಚಿದ ಇಕ್ಕಳ

ಅಣ್ಣ ವೆಲ್ಡಿಂಗ್ ಹೆಲ್ಮೆಟ್ ಮೇಲೆತ್ತಿ ನೋಡಿದರೆ — ಮತ್ತೆ ಕಪ್ಪು!

ಬೆಸುಗೆಯ ಉದ್ದಕ್ಕೂ ಮಸಿ, ಮಸಿಯ ನಡುವೆ ಸೂಜಿಯಲ್ಲಿ ಚುಚ್ಚಿದಂಥ ತೂತುಗಳು. ಹೋದ ಭಾನುವಾರ ಇದೇ ಕೈ, ಇದೇ ಪುಟ್ಟ ಮೆಷಿನ್ನು, ಇದೇ ಅಲ್ಯೂಮಿನಿಯಂ ಕೊಳವೆಯ ತುಂಡುಗಳು. ಆವತ್ತು ಬೆಸುಗೆ ಬೆಳ್ಳಗೆ ಹೊಳೆದಿತ್ತು. ಅಮ್ಮನನ್ನು ಕರೆದು ತೋರಿಸಿ, ತಂಗಿಯನ್ನು ಕರೆದು ತೋರಿಸಿ, ಅಣ್ಣ ಆ ತುಂಡನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡಿದ್ದ. ಸೋಮವಾರ ಬೆಳಗ್ಗೆ ಶುರುವಾಯಿತು ನೋಡಿ ಈ ಶನಿಕಾಟ. ಅಲ್ಲಿಂದ ಇಲ್ಲಿಗೆ ಒಂದೇ ಒಂದು ಬೆಸುಗೆ ನೆಟ್ಟಗಾಗಿಲ್ಲ.

"ಯಾರೋ ಬೇಕಂತಲೇ ಮಾಡ್ತಿದ್ದಾರೆ!" ಬಿಸಿ ತುಂಡನ್ನು ಇಕ್ಕಳದಲ್ಲಿ ಹಿಡಿದು ಬಕೆಟ್ಟಿನ ನೀರಿಗೆ ಎಸೆದ. "ನನ್ನ ಶೆಡ್ಡಿಗೆ ಯಾರೋ ನುಗ್ಗಿ ಏನೋ ಹಾಳು ಮಾಡಿದ್ದಾರೆ!"

ಅಣ್ಣನಿಗೆ ಊರಿನಲ್ಲಿ ಕನ್ನಡಕದ ಅಂಗಡಿ. ಸಾಸಿವೆ ಗಾತ್ರದ ಸ್ಕ್ರೂ ತಿರುಗಿಸುವ ಕೈ ಅವನದು, ಒಂದಿಷ್ಟೂ ನಡುಗದು. ಆ ಧೈರ್ಯದ ಮೇಲೆಯೇ ಈ ಕೆಲಸಕ್ಕೆ ಕೈ ಹಾಕಿದ್ದು. ಆದರೆ ಅಲ್ಯೂಮಿನಿಯಂ ಮಹಾ ಜಂಬದ ಲೋಹ. ಕಬ್ಬಿಣವಾದರೆ ಕಾದಾಗ ಕೆಂಪಾಗಿ ಮುನ್ಸೂಚನೆ ಕೊಡುತ್ತದೆ. ಇದು ಏನೂ ಆಗದ ಹಾಗೆ ಕೂತಿದ್ದು, ಪಿತಕ್ಕನೆ ಕರಗಿ ಕಾಲ ಬಳಿ ಬೀಳುತ್ತದೆ. ಅವನ ಒಂದು ಜೊತೆ ಚಪ್ಪಲಿ ಹಾಗೇ ಹೋಯಿತು.

ಬೆಸೆಯಬೇಕಾದದ್ದು ತಂಗಿಯ ಗಾಲಿಕುರ್ಚಿ. ಕಾಲಿಡುವ ಹಲಗೆಯನ್ನು ಹಿಡಿದಿದ್ದ ಕೊಳವೆ ಸೀಳಿತ್ತು. ಅವಳ ಅಳತೆಗೇ ಮಾಡಿಸಿದ ಕುರ್ಚಿ, ಮಾಡಿದವನು ಕಾರ್ಖಾನೆ ಮುಚ್ಚಿ ಹೋಗಿ ಬಹಳ ವರ್ಷವಾಯಿತು. ವೆಲ್ಡಿಂಗ್ ಅಂಗಡಿಗಳಿಗೆ ಹೋದರೆ, "ಕಬ್ಬಿಣ ಇದ್ರೆ ತನ್ನಿ ಸಾರ್, ಇದರ ಸಹವಾಸ ಬೇಡ" ಎಂದು ಕೈ ಮುಗಿದರು. ಬಾಡಿಗೆಗೆ ತಂದ ಕುರ್ಚಿಯೋ, ದೊಡ್ಡ ಗಾತ್ರದ್ದು. ತಂಗಿಯ ಕೈ ಅದರ ಗಾಲಿಗೆ ಎಟುಕದು, ಅದು ಬಚ್ಚಲ ಬಾಗಿಲಲ್ಲಿ ತೂರದು. ಯಾರಾದರೂ ತಳ್ಳಲೇಬೇಕು.

ನಾಡಿದ್ದು ಸೋಮವಾರ ಅವಳು ವಿಮಾ ಕಂಪನಿಯಲ್ಲಿ ಕೆಲಸಕ್ಕೆ ಸೇರಬೇಕು. ಕ್ಲೇಮುಗಳಲ್ಲಿ ಸುಳ್ಳು ಯಾವುದು, ನಿಜ ಯಾವುದು ಎಂದು ಕೆದಕುವ ಕೆಲಸ. ಹುಟ್ಟಿದಾಗಿನಿಂದ ಎಲ್ಲರಿಗೂ ಅಡ್ಡಪ್ರಶ್ನೆ ಹಾಕಿ ಹಾಕಿ ಮನೆಯಲ್ಲಿ ಅವಳ ಹೆಸರೇ ಲಾಯರಮ್ಮ.

"ಮೊದಲನೇ ದಿನವೇ ಯಾರೋ ನನ್ನನ್ನ ಮೂಟೆ ಹಾಗೆ ತಳ್ಕೊಂಡು ಹೋಗಿ ಮೇಜಿನ ಮುಂದೆ ಇಳಿಸ್ಬೇಕಾ?" ಎಂದಿದ್ದಳು ನಿನ್ನೆ. "ಅದಕ್ಕಿಂತ ಹೋಗದೇ ಇರೋದೇ ವಾಸಿ." ಅಣ್ಣನಿಗೆ ಆಮೇಲೆ ಊಟ ಸೇರಿರಲಿಲ್ಲ.

ಈಗ ಅವಳು ಶೆಡ್ಡಿನ ಬಾಗಿಲಲ್ಲಿ ಆ ಬಾಡಿಗೆ ಕುರ್ಚಿಯಲ್ಲೇ ಕೂತಿದ್ದಳು. ಪಕ್ಕದಲ್ಲಿ ಅಮ್ಮ ಕತ್ತರಿ ಒರೆಸುತ್ತ ನಿಂತಿದ್ದಳು. ಅಮ್ಮ ಹೊಲಿಗೆಯವಳು. ಅರ್ಧ ಬೀದಿಯ ಬಟ್ಟೆ ಅವಳ ಮೆಷಿನ್ನಿನ ಕೆಳಗೇ ಹಾದು ಹೋಗಿದೆ.

"ಕೂಗಾಡಬೇಡ," ಎಂದಳು ಲಾಯರಮ್ಮ. "ಯಾರ ಮೇಲೆ ಅನುಮಾನ, ಹೇಳು."

"ಇನ್ಯಾರು? ಮೇಲಿನ ಮನೆ ವೋಲ್ಟೇಜ್ ಮಾವ! ಭಾನುವಾರ ಜಗಳ ಆಡಿದ್ದು ಮರೆತ್ಯಾ? 'ನೀನು ನಿಲ್ಲಿಸ್ತೀಯೋ, ನಾನೇ ನಿಲ್ಲಿಸ್ಲೋ' ಅಂದ. ಸೋಮವಾರದಿಂದ ಕೆಟ್ಟಿತು. ಇಲ್ಲಾಂದ್ರೆ ಬೆಸುಗೆಗೆ ಗಾಳಿ ತಾಗದ ಹಾಗೆ ಕಾಯೋ ಗ್ಯಾಸ್ ತಂದುಕೊಡ್ತಾನಲ್ಲ, ಆ ಗ್ಯಾಸ್‌ನವನು. ಸಿಲಿಂಡರ್ ಬದಲಾಯಿಸಿದ್ದೂ ಸೋಮವಾರವೇ."

"ಇಬ್ಬರನ್ನೂ ಕರಿ."

ವೋಲ್ಟೇಜ್ ಮಾವ ಪಂಚೆ ಎತ್ತಿ ಕಟ್ಟಿಕೊಂಡೇ ಬಂದರು. ಅಣ್ಣ ಮೆಷಿನ್ ಹಾಕಿದಾಗಲೆಲ್ಲ ಅವರ ಮನೆಯ ದೀಪ ಮಿಣುಕುತ್ತದೆ, ಅದಕ್ಕೇ ಆ ಅಡ್ಡಹೆಸರು.

"ಮಾವ, ಸೋಮವಾರದಿಂದ ಈಚೆಗೆ ಶೆಡ್ಡಿಗೆ ಬಂದಿದ್ರಾ?"

"ನಾನ್ಯಾಕಮ್ಮ ಬರಲಿ ಆ ಹೊಗೆ ಗೂಡಿಗೆ?"

"ಕರೆಂಟಿಗೇನಾದ್ರೂ ಮಾಡಿದ್ರಾ?"

ಮಾವ ಗಂಟಲು ಸರಿಮಾಡಿಕೊಂಡರು. ಅತ್ತಿತ್ತ ನೋಡಿದರು.

"ಮಾಡಿದೆ."

"ನೋಡಿದ್ಯಾ!" ಅಣ್ಣ ನೆಗೆದು ನಿಂತ.

"ಇವನು ಮೆಷಿನ್ ಹಾಕಿದ ತಕ್ಷಣ ನಮ್ಮ ಫ್ರಿಜ್ಜು, ಮೋಟಾರು, ಎಲ್ಲ ಆರಿಸಿಬಿಡ್ತೀನಿ. ಇವನಿಗಾದ್ರೂ ಪೂರ್ತಿ ಕರೆಂಟ್ ಸಿಗಲಿ ಅಂತ. ಭಾನುವಾರ ಸಂಜೆ ನಿನ್ನನ್ನ ಇಬ್ಬರು ಎತ್ತಿ ಆಟೋಗೆ ಹಾಕ್ತಿದ್ದಾಗ ನಿನ್ನ ಮುಖ ನೋಡಿದೆ ಕಣಮ್ಮ." ಮಾವ ಅಣ್ಣನ ಕಡೆ ತಿರುಗಿದರು. "ಹಾಲು ಒಡೆದು ಹೋಯ್ತು ಮೂರು ಸಲ. ಅದರ ಮೇಲೆ ನಾನೇ ಕಳ್ಳ!"

ಅಣ್ಣ ನೆಲ ನೋಡಿದ. ಕ್ಷಮಿಸಿ ಎನ್ನಲು ಬಾಯಿ ತೆರೆದ, ಅಷ್ಟರಲ್ಲಿ ಗ್ಯಾಸ್‌ನವನ ಬೈಕು ಗೇಟಿನ ಮುಂದೆ ಗಕ್ಕನೆ ನಿಂತಿತು. ಫೋನಿನಲ್ಲಿ ಬೈಸಿಕೊಂಡಿದ್ದರಿಂದ ಅವನೂ ಕುದಿಯುತ್ತಲೇ ಇಳಿದ.

"ಕಲಬೆರಕೆ ಗ್ಯಾಸ್ ಕೊಟ್ಟೆ ಅಂದ್ರಲ್ಲ, ಬಂದಿದ್ದೀನಿ. ಶುದ್ಧ ಆರ್ಗಾನ್ ಅದು!"

"ಶುದ್ಧ ಆಗಿದ್ರೆ ಇದ್ಯಾಕೆ ಕಪ್ಪು?"

"ನನ್ನ ಕೈಗೆ ಒಂದು ತುಂಡು ಕೊಡಿ. ಏನೂ ಮಾಡದ ತುಂಡು. ಒರೆಸೋದೂ ಬೇಡ, ಉಜ್ಜೋದೂ ಬೇಡ, ಬೆಸುಗೆಗೆ ಕರಗಿಸೋ ಕಡ್ಡಿ ಸೇರಿಸೋದೂ ಬೇಡ. ಗ್ಯಾಸ್ ಕೆಟ್ಟಿದ್ರೆ ಬರೀ ಕಿಡಿ ತಾಗಿದ್ರೂ ಕಪ್ಪಾಗ್ಬೇಕು."

ಗ್ಯಾಸ್‌ನವನು ಅಣ್ಣನ ಹೆಲ್ಮೆಟ್ ಹಾಕಿಕೊಂಡು, ಮೆಷಿನ್ನಿನ ಕಿಡಿ ಹೊಮ್ಮುವ ಹಿಡಿಕೆಯ ಗುಂಡಿ ಒತ್ತಿದ. ಉಳಿದವರು ಗೋಡೆ ಕಡೆ ತಿರುಗಿದರು. ಕಿಡಿ ನಿಂತ ಮೇಲೆ ನೋಡಿದರೆ — ತುಂಡಿನ ಮೇಲೆ ಬೆಳ್ಳನೆಯ, ನಯವಾದ ಬೊಟ್ಟು. ಮಸಿಯ ಸುಳಿವೇ ಇಲ್ಲ.

"ಈಗ ನೀವು ಮಾಡಿ," ಎಂದ.

ಅಣ್ಣ ಅದೇ ತುಂಡಿನ ಇನ್ನೊಂದು ತುದಿಯನ್ನು ಒರೆಸಿದ, ಉಜ್ಜಿದ, ಕಡ್ಡಿ ತೆಗೆದುಕೊಂಡ, ಉಸಿರು ಬಿಗಿಹಿಡಿದು ಬೆಸೆದ. ಕಪ್ಪು! ಹೆಲ್ಮೆಟ್ ಕಿತ್ತು ಮೇಜಿನ ಮೇಲೆ ಕುಕ್ಕಿದ.

"ನನ್ನ ಕೈಯೇ ದರಿದ್ರ, ಬಿಡಿ! ಒಂದು ಕುರ್ಚಿ ರಿಪೇರಿ ಮಾಡೋಕಾಗದ ಅಣ್ಣ ಯಾಕಿರ್ಬೇಕು? ತಳ್ಳಿಸ್ಕೊಂಡೇ ಹೋಗೇ ತಾಯಿ, ನನ್ನಿಂದಾಗಲ್ಲ!"

ಅಮ್ಮ ಒಂದು ಹೆಜ್ಜೆ ಮುಂದೆ ಬಂದು, ಅಲ್ಲೇ ನಿಂತುಬಿಟ್ಟಳು.

ಲಾಯರಮ್ಮ ಮಾತ್ರ ಆ ತುಂಡನ್ನೇ ನೋಡುತ್ತಿದ್ದಳು. ಒಂದು ತುದಿ ಬಿಳಿ, ಒಂದು ತುದಿ ಕಪ್ಪು.

"ವಿಚಿತ್ರ ಅಲ್ವಾ? ತೊಳೀದೇ ಇರೋದು ಚೊಕ್ಕ, ತೊಳೆದದ್ದು ಕೊಳಕು. ಅಣ್ಣ, ಬೆಸೆಯೋ ಮುಂಚೆ ಏನೇನು ಮಾಡ್ತೀಯ, ಸಾಲಾಗಿ ಹೇಳು."

"ಎಷ್ಟು ಸಲ ಹೇಳ್ಲಿ? ಅಸಿಟೋನ್ ಹಚ್ಚಿ ಜಿಡ್ಡು ಒರೆಸ್ತೀನಿ. ಆಮೇಲೆ ಸ್ಟೀಲ್ ಬ್ರಷ್‌ನಲ್ಲಿ ಉಜ್ಜಿ ಮೇಲಿನ ಪೊರೆ ತೆಗೀತೀನಿ. ಆ ಬ್ರಷ್ ಅಲ್ಯೂಮಿನಿಯಂಗೇ ಮೀಸಲು, ಬೇರೆ ಯಾವುದಕ್ಕೂ ಮುಟ್ಟಿಸಲ್ಲ."

"ಬ್ರಷ್ ಆದ ಮೇಲೆ ಮತ್ತೆ ಒರೆಸ್ತೀಯಾ?"

"ಇಲ್ಲ. ಅದೇ ಕ್ರಮ."

"ಕಡ್ಡಿ?"

"ಹೊಸ ಪ್ಯಾಕೆಟ್ಟು. ಅದನ್ನ್ಯಾಕೆ ಒರೆಸ್ಲಿ?"

"ಆ ಇಕ್ಕಳ ಕೊಡು ಇಲ್ಲಿ."

"ಇಕ್ಕಳಕ್ಕೂ ಇದಕ್ಕೂ ಏನೇ ಸಂಬಂಧ?"

"ಕೊಡು ಅಂದೆ."

ಕೊಟ್ಟ. ಅವಳು ಅದನ್ನು ತೆರೆದಳು, ಮುಚ್ಚಿದಳು. ಮತ್ತೆ ತೆರೆದಳು, ಮುಚ್ಚಿದಳು.

"ಏನು ಕೇಳಿಸ್ತು?"

"ಏನೂ ಇಲ್ಲ."

"ಹೋದ ಭಾನುವಾರದವರೆಗೆ ಈ ಇಕ್ಕಳ ಎಷ್ಟು ಕಿರುಗುಟ್ಟುತ್ತಿತ್ತು, ನೆನಪಿದ್ಯಾ? ಒಳಗಿನಿಂದ ನಾನೇ ಕೂಗಿದ್ದೆ, ಅದರ ಬಾಯಿ ಮುಚ್ಚಿಸೋ ಮಾರಾಯ, ಹಲ್ಲು ಜುಮ್ಮನ್ನುತ್ತೆ ಅಂತ. ತುಕ್ಕು ಹಿಡಿದ ಇಕ್ಕಳ ತಾನಾಗಿ ಸುಮ್ಮನಾಗತ್ತಾ? ನೀನು ಎಣ್ಣೆ ಬಿಟ್ಯಾ?"

"ಇಲ್ವಲ್ಲ..." ಅಣ್ಣನ ದನಿ ಇಳಿಯಿತು.

ಅವಳು ಸ್ಟೀಲ್ ಬ್ರಷ್ ಎತ್ತಿಕೊಂಡು, ಮಡಿಲಲ್ಲಿದ್ದ ಬಿಳಿ ಕರವಸ್ತ್ರದ ಮೇಲೆ ಒತ್ತಿ ಹಿಡಿದಳು. ತೆಗೆದಾಗ ಬಟ್ಟೆಯ ಮೇಲೆ ಚುಕ್ಕಿ ಚುಕ್ಕಿ ಜಿಡ್ಡು. ಒಂದು ಕಡ್ಡಿಯನ್ನು ಒರೆಸಿದಳು. ಅಲ್ಲೂ ಜಿಡ್ಡಿನ ಗೆರೆ.

"ನೀನು ಒರೆಸಿ ಶುದ್ಧ ಮಾಡ್ತೀಯ. ಆಮೇಲೆ ನೀನೇ ಈ ಬ್ರಷ್ ಉಜ್ಜಿ ಎಣ್ಣೆ ಬಳೀತೀಯ. ಸಾಲದ್ದಕ್ಕೆ ಎಣ್ಣೆ ಕಡ್ಡಿಯನ್ನೂ ಕರಗಿಸಿ ಸೇರಿಸ್ತೀಯ. ಗ್ಯಾಸ್‌ನವರು ಇವೆರಡನ್ನೂ ಮುಟ್ಟಲಿಲ್ಲ, ಅದಕ್ಕೇ ಬಿಳಿ ಬಂತು. ನಿನ್ನ ಕೈ ಏನೂ ಕೆಟ್ಟಿಲ್ಲ ಅಣ್ಣ."

"ಹಾಗಾದ್ರೆ ಎಣ್ಣೆ ಹಾಕಿದವರು ಯಾರು?"

ಅವಳು ಕರವಸ್ತ್ರವನ್ನು ಮೂಗಿಗೆ ಹಿಡಿದಳು.

"ಹೊಲಿಗೆ ಮೆಷಿನ್ ಎಣ್ಣೆ. ಈ ಮನೇಲಿ ದಿನಾ ಸಂಜೆ ಕೆಲಸ ಮುಗಿದ ಮೇಲೆ ಮೆಷಿನ್ನು, ಕತ್ತರಿ, ಸೂಜಿ, ಎಲ್ಲಕ್ಕೂ ಒಂದೊಂದು ಹನಿ ಎಣ್ಣೆ ಒರೆಸಿಡದೆ ಎದ್ದೇಳದವರು ಒಬ್ಬರೇ." ದನಿ ತಗ್ಗಿಸಿದಳು. "ಅಮ್ಮ."

ಎಲ್ಲರೂ ತಿರುಗಿದರು. ಅಮ್ಮನ ಕೈಯಲ್ಲಿ ಕತ್ತರಿ, ಇನ್ನೊಂದು ಕೈಯಲ್ಲಿ ಎಣ್ಣೆ ಬಟ್ಟೆ ಹಾಗೇ ಇದ್ದವು.

"ಅಮ್ಮಾ! ವಾರದಿಂದ ತಲೆ ಚಚ್ಚಿಕೊಳ್ತಿದ್ದೀನಿ, ಎಲ್ಲರನ್ನೂ ಕೇಳ್ತಿದ್ದೀನಿ, ಒಂದು ಮಾತು ಹೇಳೋಕಾಗ್ಲಿಲ್ವಾ ನಿನಗೆ?"

"ನೀನು ಕೇಳಿದ್ದು ಹಾಳು ಮಾಡಿದ್ದು ಯಾರು ಅಂತ ಕಣೋ," ಅಮ್ಮನ ಕಣ್ಣು ತುಂಬಿತ್ತು. "ಜೋಪಾನ ಮಾಡಿದ್ದು ಯಾರು ಅಂತ ಯಾರು ಕೇಳಿದ್ರು? ಭಾನುವಾರ ನೀನು ಅಷ್ಟು ಖುಷಿಯಾಗಿ ತುಂಡು ತೋರಿಸಿದೆ. ಸಂಜೆ ಬಂದು ನೋಡಿದ್ರೆ ಇಕ್ಕಳಕ್ಕೆ ತುಕ್ಕು. ಮಗಳ ಕುರ್ಚಿ ಮಾಡೋ ಸಾಮಾನು, ಹೀಗೆ ಬಿಡಬಾರದು ಅನ್ನಿಸ್ತು. ಆವತ್ತಿನಿಂದ ಎಲ್ಲಕ್ಕೂ ಎಣ್ಣೆ ಹಚ್ತಾ ಬಂದೆ. ನನಗೆ ಗೊತ್ತಿರೋ ಕೆಲಸ ಅದೊಂದೇ ಅಲ್ವೇನೋ."

ಅಣ್ಣನ ಸಿಟ್ಟೆಲ್ಲ ಎಲ್ಲಿಗೋ ಹೋಯಿತು. ಅಸಿಟೋನ್ ಡಬ್ಬಿ ತೆರೆದು ಬ್ರಷ್ಷನ್ನು ಅದರಲ್ಲಿ ಅದ್ದಿ ಅದ್ದಿ ತೊಳೆದ. ಕಡ್ಡಿಗಳನ್ನು ಗ್ಯಾಸ್‌ನವನು ಒಂದೊಂದಾಗಿ ಒರೆಸಿದ. ಬಿಸಿಲಲ್ಲಿ ಎಲ್ಲ ಚೆನ್ನಾಗಿ ಆರಿದ ಮೇಲೆ, ಮೇಲಿನ ಮನೆಗೆ ಹತ್ತಿ ಹೋಗಿದ್ದ ವೋಲ್ಟೇಜ್ ಮಾವ ಅಲ್ಲಿಂದಲೇ ಕೂಗಿದರು: "ಫ್ರಿಜ್ ಆರಿಸಿದ್ದೀನಿ, ಹೊಡಿಯೋ!"

ಮೊದಲು ಒಂದು ತುಂಡು. ಬಿಳಿ! ಆಮೇಲೆ, ಬಾಯಲ್ಲಿ ಏನೇನೋ ಗೊಣಗಿಕೊಂಡು, ಕುರ್ಚಿ. ಸೀಳಿದ ಕೊಳವೆಯೊಳಗೆ ಇನ್ನೊಂದು ಕೊಳವೆಯ ಆಸರೆ ಕೂರಿಸಿ ಸುತ್ತಲೂ ಬೆಸೆದ. ಗೆರೆ ಅಷ್ಟೇನೂ ಅಂದವಾಗಿರಲಿಲ್ಲ, ಅಲ್ಲಲ್ಲಿ ಸೊಟ್ಟ. ಆದರೆ ಗಟ್ಟಿ. ಅಣ್ಣ ತಾನೇ ಹಲಗೆಯ ಮೇಲೆ ಕಾಲಿಟ್ಟು ಒತ್ತಿ ನೋಡಿದ. ಅಷ್ಟು ಹೊತ್ತೂ ಅಮ್ಮ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಾಗಿಲಾಚೆಯೇ ನಿಂತಿದ್ದಳು.

ಸೋಮವಾರ ಬೆಳಗ್ಗೆ ಲಾಯರಮ್ಮ ತನ್ನ ಕೈಯಿಂದಲೇ ಗಾಲಿ ತಿರುಗಿಸಿಕೊಂಡು ಹೊರಟಳು. ಗೇಟಿನ ಹತ್ತಿರ ಹೋಗಿ ನಿಂತಳು. ಇಷ್ಟು ದಿನ ಮೂಲೆಯಲ್ಲಿ ಬಿದ್ದಿದ್ದ ಕುರ್ಚಿಯ ಮುಂದಿನ ಗಾಲಿ ಕಿರ್ ಕಿರ್ ಎನ್ನುತ್ತಿತ್ತು.

"ಅಮ್ಮ, ಇದಕ್ಕೊಂದು ಹನಿ ಎಣ್ಣೆ ಬಿಡ್ತೀಯಾ?"

ಅಮ್ಮ ಕದಲಲಿಲ್ಲ.

"ನಿಮ್ಮಣ್ಣನ್ನ ಕೇಳು."

ಅಣ್ಣ ಒಳಗೆ ಹೋಗಿ ಹೊಲಿಗೆ ಮೆಷಿನ್ನಿನ ಡ್ರಾಯರಿನಿಂದ ಎಣ್ಣೆ ಡಬ್ಬಿ ತಂದು ಅಮ್ಮನ ಕೈಯಲ್ಲಿಟ್ಟ.