ದೀಪ ಹಚ್ಚಿದ ಮೇಲೆ ಕೊಟ್ಟ ಹೆಪ್ಪು

ಗೋಡೆಗೂ ಕಿವಿಯಿದೆ ಎಂಬ ಗಾದೆಯನ್ನು ಕೊನೆಗೂ ನಿಜ ಮಾಡಿದ ಯಂತ್ರ ಅದು. ಆಡಿದ ಮಾತೆಲ್ಲ ಮಂಗಳ ಗ್ರಹದ ಮಣ್ಣಿನ ಇಟ್ಟಿಗೆಯ ಹರಳುಗಳ ಮೇಲೆ ಸಣ್ಣ ಗೀರು ಬಿಡುತ್ತದೆ; ಲೇಸರ್ ಕಿರಣ ಅದನ್ನು ಓದಿ ಮತ್ತೆ ಧ್ವನಿಯಾಗಿಸುತ್ತದೆ. ವಿಜ್ಞಾನಿ ವನಮಾಲಾ ಅದಕ್ಕೆ 'ಗೋಡೆಗಿವಿ' ಎಂದು ಹೆಸರಿಟ್ಟಿದ್ದಳು. ಇಂದು ಅದು ಹಳೆಯ ಸೈನಿಕ ಠಾಣೆಯ ಬಾಗಿಲ ಗೋಡೆಯ ಮೇಲೆ ಹರಿದಾಡುತ್ತಿತ್ತು. ಪಕ್ಕದಲ್ಲಿ ದ್ಯಾಮವ್ವ ಕೈಕಟ್ಟಿ ಕೂತಿದ್ದಳು.

ಮಂಗಳದ ವಸಾಹತಿನ ಸ್ವಾತಂತ್ರ್ಯ ಯುದ್ಧ ಹುಟ್ಟಿದ್ದೇ ಹೆಪ್ಪಿನಿಂದ. ಮನೆಯಿಂದ ಮನೆಗೆ ಹೆಪ್ಪು, ಬೀಜ ಕೊಡಕೂಡದು, ಎಲ್ಲವೂ ತನ್ನ ಉಗ್ರಾಣದಿಂದಲೇ ಬರಬೇಕು ಎಂದು ಭೂಮಿಯ ಸರ್ಕಾರ ಆಜ್ಞೆ ಹೊರಡಿಸಿತು. ಎಂಥ ದಡ್ಡ ಆಜ್ಞೆ. ನೆರೆಯವಳಿಗೆ ಒಂದು ಚಮಚ ಹೆಪ್ಪು ಕೊಟ್ಟ ಮುದುಕಿಯನ್ನು ಸೆರೆಗೆ ಹಾಕಿದಾಗ ಜನ ಉಗ್ರಾಣ ಸುಟ್ಟರು. ಮೂವತ್ತು ಜನ ಗುಂಡಿಗೆ ಬಲಿಯಾದರು. ಉಳಿದವರು ಒಂಬತ್ತು ತಿಂಗಳು ಠಾಣೆಯನ್ನು ಮುತ್ತಿದರು. ಒಂದು ಬೆಳಗ್ಗೆ ಸೈನಿಕರು ತಾವಾಗಿಯೇ ಬಂದೂಕು ಕೆಳಗಿಟ್ಟು ಹೊರಬಂದರು. ಯಾಕೆಂದು ಯಾರಿಗೂ ತಿಳಿಯಲಿಲ್ಲ.

ಅದಕ್ಕೆ ಮೂರು ದಿನ ಮೊದಲು, ದ್ಯಾಮವ್ವನ ಗಂಡ ಅಡಿವೆಪ್ಪ ಠಾಣೆಯ ಬಾಗಿಲಿನಿಂದ ಕಳ್ಳಹೆಜ್ಜೆಯಲ್ಲಿ ಬರುವುದನ್ನು ಮುತ್ತಿಗೆಯ ಕಾವಲಿನವರು ಕಂಡಿದ್ದರು. ಮನೆ ಸೇರುವ ಮೊದಲೇ ಸುರಂಗ ಕುಸಿದು ಸತ್ತ. ದ್ರೋಹಿ ಎಂಬ ಹೆಸರು ಉಳಿಯಿತು. ಹನ್ನೆರಡು ವರ್ಷದಿಂದ ದ್ಯಾಮವ್ವನ ಮನೆಗೆ ಹೆಪ್ಪು ಕೇಳಿ ಯಾರೂ ಬಂದಿಲ್ಲ.

"ಕೆಟ್ಟದ್ದೇ ಕೇಳಿಸಿದರೆ?" ವನಮಾಲಾ ಕೇಳಿದಳು.

"ಕೇಳಸ್ಲಿ ತಂಗಿ. ಇಷ್ಟು ವರ್ಷ ಅದನ್ನ ಉಂಡೀನಿ."

ಗೋಡೆ ಕರಕರ ಎಂದಿತು. ಒಬ್ಬ ಸೈನಿಕನ ದನಿ: "ಅಜ್ಜಾ, ತಂದ್ಯಾ? ಹಾಲಿನ ಪುಡಿ ಐತಿ, ಹೆಪ್ಪಿಲ್ಲ. ಮೊಸರು ಕಂಡು ವರ್ಷಾತು."

"ತಗೋ. ಕೇಳಿದವರಿಗೆ ಹೆಪ್ಪು ಇಲ್ಲ ಅನಬಾರದು." ಅದು ಅಡಿವೆಪ್ಪ. "ಆದ್ರ ನಮ್ಮಾಕಿ ಮುಂದ ಯಾರೂ ಬಾಯಿ ಬಿಡಬ್ಯಾಡ್ರಿ. ದೀಪ ಹಚ್ಚಿದ ಮ್ಯಾಲೆ ಹೆಪ್ಪು ಕೊಟ್ಟೆ ಅಂದ್ರ ಮನಿಯಿಂದ ಹೊರಗ ಹಾಕ್ತಾಳ."

ವನಮಾಲಾ ಕಿರಣವನ್ನು ಮುಂದಿನ ಗೀರುಗಳಿಗೆ ಸರಿಸಿದಳು. ಅದೇ ಸೈನಿಕ, ಮರುದಿನ: "ಇದನ್ನ ಕೊಟ್ಟಿದ್ದಕ್ಕೇನು ಆ ಮುದುಕೀನ ನಾವು ಹಿಡಕೊಂಡು ಬಂದಿದ್ದು? ನಾ ಇನ್ನ ಗುಂಡು ಹಾರಸೂದಿಲ್ಲ." "ನಾನೂ ಇಲ್ಲ" ಎಂದಿತು ಇನ್ನೊಂದು ದನಿ. ಆಮೇಲೆ ಹಲವು.

ದ್ಯಾಮವ್ವ ಸೆರಗಿನಿಂದ ಕಣ್ಣೊತ್ತಿಕೊಂಡಳು. "ಬೈತಿದ್ದೆ, ಖರೇನ" ಎಂದಳು. "ಬೈಸ್ಕೊಳ್ಳಾಕರ ಮನಿಗೆ ಬರಬೇಕಿತ್ತು."

ಸುದ್ದಿ ಅಂದೇ ವಸಾಹತಿನಲ್ಲೆಲ್ಲ ಹರಡಿತು. ಸಂಜೆ ದ್ಯಾಮವ್ವ ದೀಪ ಹಚ್ಚಿ ತಿರುಗಿದಾಗ ಪಕ್ಕದ ಮನೆಯ ಗುರುಬಸವ್ವ ಬಟ್ಟಲು ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು.

"ದೀಪ ಹಚ್ಚಿ ಆತಲ್ಲ" ಎಂದಳು ದ್ಯಾಮವ್ವ.

ಗುರುಬಸವ್ವ ತಲೆ ತಗ್ಗಿಸಿ ಹೊರಡಲು ತಿರುಗಿದಳು.

"ನಿಂದ್ರು. ತಾ ಇಲ್ಲೆ ಬಟ್ಟಲಾ."